ವಾಹನ ಪ್ರಶ್ನೋತ್ತರ: ಕ್ಲಚ್ ಇಲ್ಲದ ಗಾಡಿಯಲ್ಲಿ ಎಣ್ಣೆ ಮಾಡುವ ಕೆಲಸ

ಕಳೆದ ಸಂಚಿಕೆಯಲ್ಲಿ ಆಟೋಮ್ಯಾಟಿಕ್ ಕಾರುಗಳ ನಿರ್ವಹಣೆಯ ಬಗ್ಗೆ ಬರೆಯುವಾಗ ಟಾರ್ಕ್ ಕನ್ವರ್ಟರ್ ಎಂಬ ಹೆಸರನ್ನು ಎರಡು ಸಲ ಹೇಳಿದ್ದೆ. ಆದರೆ ಅದೇನೆಂದು ವಿವರಿಸದೆ ಮುಂದೆ ಹೋಗಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕೇಳಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೂವತ್ತು ವರ್ಷ ಕ್ಲಚ್ ತುಳಿದು ಗಾಡಿ ಓಡಿಸಿದವನು ನಾನು. ಈಗ ಮಗ ಆಟೋಮ್ಯಾಟಿಕ್ ಕಾರು ಕೊಡಿಸಿದ್ದಾನೆ. ಜುಬಿಲಿ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನಿಂತಾಗ ಗೇರ್ ‘ಡಿ’ (ಡ್ರೈವ್) ಸ್ಥಾನದಲ್ಲೇ ಇರುತ್ತದೆ, ಎಂಜಿನ್ ತಿರುಗುತ್ತಿರುತ್ತದೆ, ಚಕ್ರಗಳು ಮಾತ್ರ ನಿಂತಿರುತ್ತವೆ. ಆದರೂ ಎಂಜಿನ್ ಬಂದ್ ಬೀಳುವುದಿಲ್ಲ. ಬ್ರೇಕ್ ಬಿಟ್ಟರೆ ಗಾಡಿ ತಾನಾಗಿಯೇ ಮೆಲ್ಲಗೆ ಹೊರಡುತ್ತದೆ. ಇದು ಹೇಗೆ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನಿಮ್ಮ ಹಳೆಯ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಇದ್ದ ಜಾಗದಲ್ಲಿ, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಈ ಗಾಡಿಯಲ್ಲಿ ಎಣ್ಣೆ ತುಂಬಿದ ಒಂದು ಉಕ್ಕಿನ ಡಬ್ಬಿ ಇದೆ. ಅದೇ ಟಾರ್ಕ್ ಕನ್ವರ್ಟರ್. ಹೊರಗಿನಿಂದ ನೋಡಿದರೆ ಅದು ದೊಡ್ಡದೊಂದು ಉದ್ದಿನ ವಡೆಯ ಆಕಾರದಲ್ಲಿರುತ್ತದೆ. ಡಬ್ಬಿಯ ಹೊರಕವಚವು ಎಂಜಿನ್ನಿಗೆ ಬೋಲ್ಟ್ ಆಗಿರುವುದರಿಂದ ಎಂಜಿನ್ ತಿರುಗಿದಂತೆ ಅದೂ ತಿರುಗುತ್ತದೆ. ಆ ಕವಚದ ಒಳಮೈಗೇ ಎಲೆಗಳಂಥ ಅಲಗುಗಳಿವೆ. ಅದನ್ನು ಪಂಪ್ ಚಕ್ರ ಎನ್ನೋಣ. ಅದಕ್ಕೆ ಎದುರಾಗಿ, ಅದನ್ನು ತಾಗದಂತೆ, ಅಂಥದೇ ಅಲಗುಗಳಿರುವ ಇನ್ನೊಂದು ಚಕ್ರವಿದೆ. ಅದು ಟರ್ಬೈನ್, ಗೇರ್‌ಬಾಕ್ಸಿನೊಳಗೆ ಹೋಗುವ ಶಾಫ್ಟ್ ಅದರದು. ಈ ಎರಡು ಚಕ್ರಗಳ ನಡುವೆ ಬಲವನ್ನು ದಾಟಿಸುವುದು ಎಣ್ಣೆ ಮಾತ್ರ.

ಮನೆಯಲ್ಲಿ ಮಜ್ಜಿಗೆ ಕಡೆಯುವುದನ್ನು ನೀವು ನೋಡಿರುತ್ತೀರಿ. ಕಡಗೋಲು ಗಡಿಗೆಯನ್ನು ಮುಟ್ಟುವುದಿಲ್ಲ, ಆದರೂ ಗಡಿಗೆಯನ್ನು ಯಾರಾದರೂ ಹಿಡಿದುಕೊಳ್ಳಬೇಕಾಗುತ್ತದೆ. ಬಿಟ್ಟರೆ ಅದೂ ತಿರುಗಲು ನೋಡುತ್ತದೆ. ಕಡಗೋಲಿನ ಬಲ ಮೊಸರಿನ ಮೂಲಕ ಗಡಿಗೆಗೆ ಮುಟ್ಟುತ್ತದೆ. ಗಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಕಡಗೋಲೇನೂ ನಿಂತುಹೋಗುವುದಿಲ್ಲ, ಮೊಸರು ಒಳಗೇ ಸುತ್ತುತ್ತದೆ. ನೀವು ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಂತಾಗ ನಡೆಯುವುದೂ ಇದೇ. ಟರ್ಬೈನ್ ಎಂಬ ಗಡಿಗೆಯನ್ನು ಬ್ರೇಕ್ ಹಿಡಿದುಕೊಂಡಿದೆ, ಪಂಪ್ ಎಂಬ ಕಡಗೋಲು ಎಣ್ಣೆಯನ್ನು ಕಡೆಯುತ್ತಲೇ ಇದೆ, ಆದ್ದರಿಂದ ಎಂಜಿನ್ನಿಗೆ ನಿಲ್ಲುವ ಕಾರಣವೇ ಇಲ್ಲ.

ಮೆಲ್ಲಗೆ ಕಡೆದರೆ ಗಡಿಗೆ ಮಿಸುಕುವುದಿಲ್ಲ, ಜೋರಾಗಿ ಕಡೆದರೆ ಕೈಯಿಂದ ಜಾರುವಷ್ಟು ಎಳೆಯುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಈ ಏರಿಕೆಗೆ ಒಂದು ಲೆಕ್ಕವಿದೆ: ಎಣ್ಣೆ ದಾಟಿಸುವ ತಿರುಗುಬಲವು, ಅಂದರೆ ಟಾರ್ಕ್, ಪಂಪಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು, ಆಕ್ಸಿಲರೇಟರ್ ತುಳಿದಾಗ 2,400ಕ್ಕೆ ಏರಿತೆಂದರೆ, ವೇಗ ಮೂರು ಪಟ್ಟಾಗುತ್ತದೆ, ನಿಂತ ಟರ್ಬೈನನ್ನು ತಳ್ಳುವ ಬಲ ಮಾತ್ರ ಒಂಬತ್ತು ಪಟ್ಟಾಗುತ್ತದೆ. ಐಡ್ಲಿಂಗ್‌ನಲ್ಲಿ ಉಳಿಯುವ ಆ ಚಿಕ್ಕ ಬಲವೇ ನೀವು ಬ್ರೇಕ್ ಬಿಟ್ಟೊಡನೆ ಗಾಡಿಯನ್ನು ತೆವಳಿಸುವುದು. ಅದು ದೋಷವಲ್ಲ. ಗಿಜಿಗುಡುವ ರಸ್ತೆಯಲ್ಲಿ ಬ್ರೇಕ್ ಒಂದರಿಂದಲೇ ಗಾಡಿಯನ್ನು ಅಂಗುಲ ಅಂಗುಲವಾಗಿ ಮುಂದೆ ಬಿಡಲು ಅದು ಬಹಳ ಅನುಕೂಲ.

ಸಿಗ್ನಲ್‌ನಲ್ಲಿ ‘ಎನ್’ಗೆ (ನ್ಯೂಟ್ರಲ್) ಹಾಕಬೇಕೇ ಎಂದೂ ಕೇಳಿದ್ದೀರಿ. ಅರ್ಧ ನಿಮಿಷದ ನಿಲುಗಡೆಗೆ ‘ಡಿ’ಯಲ್ಲೇ ಬ್ರೇಕ್ ತುಳಿದು ನಿಲ್ಲಿ. ರೈಲ್ವೆ ಗೇಟಿನಂಥ ಕಡೆ ‘ಪಿ’ಗೆ (ಪಾರ್ಕಿಂಗ್) ಹಾಕಿ ಎಂಜಿನ್ನನ್ನೇ ಆರಿಸಿ.

ಪ್ರಶ್ನೆ: ಟಾರ್ಕ್ ಕನ್ವರ್ಟರ್ ಎಂಜಿನ್ ಕೊಟ್ಟ ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿ ಗೇರ್‌ಬಾಕ್ಸಿಗೆ ಕೊಡುತ್ತದೆ ಎಂದು ನಮ್ಮ ಪಠ್ಯದಲ್ಲಿದೆ. ಹಲ್ಲಿನ ಚಕ್ರಗಳೇ ಇಲ್ಲದೆ ಬರೀ ಎಣ್ಣೆಯಿಂದ ಇದು ಹೇಗೆ ಸಾಧ್ಯ? ಶಕ್ತಿಯ ನಿಯಮಕ್ಕೆ ಇದು ವಿರುದ್ಧವಲ್ಲವೇ?
– ಪಾಲಿಟೆಕ್ನಿಕ್ ವಿದ್ಯಾರ್ಥಿ, ಗದಗ

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ. ಟಾರ್ಕ್ ಕನ್ವರ್ಟರ್ ಎಂದರೆ ಎಣ್ಣೆಯ ಕ್ಲಚ್, ಅಷ್ಟೇ, ಎಂದು ಹೇಳಿ ಮುಗಿಸುವವರೇ ಹೆಚ್ಚು. ಅದರ ನಿಜವಾದ ಜಾಣ್ಮೆ ನೀವು ಕೇಳಿದ ಜಾಗದಲ್ಲೇ ಇದೆ.

ಮೇಲಿನ ಉತ್ತರದಲ್ಲಿ ಹೇಳಿದ ಎರಡು ಚಕ್ರಗಳು ಮಾತ್ರ ಇದ್ದಿದ್ದರೆ ನಿಮ್ಮ ಸಂಶಯ ಸರಿಯಾಗುತ್ತಿತ್ತು. ಪಂಪ್ ಎಣ್ಣೆಯ ಮೇಲೆ ಹಾಕಿದ ತಿರುಗುಬಲವಷ್ಟೇ ಟರ್ಬೈನಿಗೆ ಸಿಗಬೇಕು. ಹೆಚ್ಚಿನದು ಬರಲು ಬೇರೆ ಮೂಲವೇ ಇಲ್ಲ. ಅಂಥ ಎರಡು ಚಕ್ರಗಳ ಸಾಧನವೂ ಉಂಟು, ಅದಕ್ಕೆ ಫ್ಲೂಯಿಡ್ ಕಪ್ಲಿಂಗ್ ಎಂದು ಹೆಸರು. ಅದು ಟಾರ್ಕನ್ನು ದಾಟಿಸುತ್ತದೆ, ಹೆಚ್ಚಿಸುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲಿ ಮೂರನೆಯದೊಂದು ಚಿಕ್ಕ ಚಕ್ರವಿದೆ. ಪಂಪ್ ಮತ್ತು ಟರ್ಬೈನ್‌ಗಳ ನಡುವೆ, ಮಧ್ಯದ ತೂತಿನ ಸುತ್ತ ಕುಳಿತಿರುವ ಅದರ ಹೆಸರು ಸ್ಟೇಟರ್.

ಎಣ್ಣೆಯ ದಾರಿಯನ್ನು ಒಮ್ಮೆ ಹಿಂಬಾಲಿಸೋಣ. ಪಂಪ್ ಎಣ್ಣೆಯನ್ನು ಅಂಚಿನ ಕಡೆಗೆ ಎಸೆಯುತ್ತದೆ. ಅಂಚಿನಲ್ಲಿ ಅದು ಎದುರಿನ ಟರ್ಬೈನಿಗೆ ದಾಟಿ, ಅಲ್ಲಿನ ಬಾಗಿದ ಅಲಗುಗಳನ್ನು ತಳ್ಳುತ್ತ ಮಧ್ಯದ ಕಡೆಗೆ ಇಳಿಯುತ್ತದೆ. ಟರ್ಬೈನ್ ನಿಂತಿರುವಾಗ, ಅಲಗಿನ ಬಾಗಿನಿಂದಾಗಿ ಎಣ್ಣೆ ಹೊರಬರುವ ಹೊತ್ತಿಗೆ ಅದರ ಸುತ್ತುವ ದಿಕ್ಕೇ ಉಲ್ಟಾ ಆಗಿರುತ್ತದೆ. ಅದು ಹಾಗೆಯೇ ಪಂಪಿಗೆ ಮರಳಿದರೆ ಪಂಪಿನ ತಿರುಗುವಿಕೆಗೆ ಎದುರು ಬಡಿದು ಎಂಜಿನ್ನಿಗೆ ಹೊರೆಯಾಗುತ್ತದೆ. ಅಲ್ಲಿ ಸ್ಟೇಟರ್ ಅಡ್ಡ ನಿಂತಿದೆ. ಅದರ ಅಲಗುಗಳು ಆ ಉಲ್ಟಾ ಹರಿವನ್ನು ತಡೆದು, ಮತ್ತೆ ಪಂಪ್ ತಿರುಗುವ ದಿಕ್ಕಿಗೇ ಹೊರಳಿಸಿ ಕಳಿಸುತ್ತವೆ. ಎಣ್ಣೆ ಈಗ ಪಂಪಿಗೆ ಹೊರೆಯಾಗದೆ ನೆರವಾಗಿ ಬರುತ್ತದೆ.

ಹೆಚ್ಚುವರಿ ಟಾರ್ಕ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಇಲ್ಲಿದೆ. ಎರೆಹೊಲದ ಕೆಸರಿನಲ್ಲಿ ಹೂತ ಚಕ್ಕಡಿಯ ಗಾಲಿಯನ್ನು ಹಾರೆಯಿಂದ ಮೀಟಿ ಎತ್ತುವುದನ್ನು ನಿಮ್ಮ ಸೀಮೆಯಲ್ಲಿ ನೋಡಿರುತ್ತೀರಿ. ಬರೀ ಹಾರೆಯನ್ನು ಕೆಸರಿಗೆ ತುರುಕಿ ಒತ್ತಿದರೆ ಏನೂ ಆಗುವುದಿಲ್ಲ. ಹಾರೆಯ ಕೆಳಗೆ ಒಂದು ಕಲ್ಲನ್ನು ಕೊಟ್ಟರೆ ಮಾತ್ರ ಗಾಲಿ ಮೇಲೇಳುತ್ತದೆ. ಕಲ್ಲು ತಾನು ಚಲಿಸುವುದಿಲ್ಲ, ಶಕ್ತಿಯನ್ನೂ ಕೊಡುವುದಿಲ್ಲ, ಆದರೆ ಬಲವನ್ನು ಕೊಡುತ್ತದೆ. ಸ್ಟೇಟರ್ ಅಂಥ ಕಲ್ಲು. ಅದು ಗೇರ್‌ಬಾಕ್ಸಿನ ನಿಶ್ಚಲ ಕವಚಕ್ಕೆ ಆನಿಕೊಂಡು ಎಣ್ಣೆಯನ್ನು ತಳ್ಳುತ್ತದೆ. ಹಾಗಾಗಿ ಟರ್ಬೈನಿಗೆ ಸಿಗುವ ಟಾರ್ಕ್ ಎಂದರೆ ಪಂಪಿನ ಟಾರ್ಕ್ ಮತ್ತು ಸ್ಟೇಟರಿನ ಟಾರ್ಕ್ ಎರಡರ ಮೊತ್ತ. ಟರ್ಬೈನ್ ಪೂರ್ತಿ ನಿಂತಿರುವಾಗ ಈ ಮೊತ್ತ ಎಂಜಿನ್ ಕೊಟ್ಟದ್ದರ ಸುಮಾರು ಎರಡು ಪಟ್ಟು ಇರುತ್ತದೆ, ಟರ್ಬೈನಿನ ವೇಗ ಏರಿದಂತೆ ಇಳಿಯುತ್ತ ಬರುತ್ತದೆ.

ಶಕ್ತಿಯ ನಿಯಮಕ್ಕೆ ಇದರಿಂದ ಯಾವ ಭಂಗವೂ ಇಲ್ಲ. ಒಂದು ಅಂದಾಜಿನ ಲೆಕ್ಕ ಮಾಡಿ ನೋಡಿ. ಎಂಜಿನ್ 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2,000 ಸುತ್ತು) 200 ನ್ಯೂಟನ್-ಮೀಟರ್ ಕೊಡುತ್ತಿದೆ ಎಂದರೆ ಅದರ ಶಕ್ತಿ ಸುಮಾರು 42 ಕಿಲೋವಾಟ್. ಆಗ ಟರ್ಬೈನ್ 800 ಆರ್‌ಪಿಎಂನಲ್ಲಿ ತಿರುಗುತ್ತ ಒಂದೂವರೆ ಪಟ್ಟು, ಅಂದರೆ 300 ನ್ಯೂಟನ್-ಮೀಟರ್ ಕೊಡುತ್ತಿದ್ದರೆ ಅದರ ಶಕ್ತಿ ಸುಮಾರು 25 ಕಿಲೋವಾಟ್ ಮಾತ್ರ. ಬಲ ಹೆಚ್ಚಾಯಿತು, ಶಕ್ತಿ ಕಡಿಮೆಯಾಯಿತು. ಉಳಿದ 17 ಕಿಲೋವಾಟ್ ಎಣ್ಣೆಯನ್ನು ಕಾಯಿಸಿತು. ಎರಡು ಕಿಲೋವಾಟಿನ ಎಂಟು ಗೀಸರ್‌ಗಳನ್ನು ಒಮ್ಮೆಗೇ ಹಚ್ಚಿದಷ್ಟು ಶಾಖ ಅದು. ಗಾಡಿ ಹೊರಡುವ ಕೆಲವೇ ಸೆಕೆಂಡು ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪತ್ರಗಳಲ್ಲಿ ಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಟರ್ಬೈನಿನ ವೇಗ ಪಂಪಿನ ವೇಗದ ಶೇ. 85ರಿಂದ 90ರಷ್ಟನ್ನು ಮುಟ್ಟಿದಾಗ ಎಣ್ಣೆ ಸ್ಟೇಟರಿನ ಅಲಗುಗಳಿಗೆ ಹಿಂಬದಿಯಿಂದ ತಾಗಲು ಶುರುವಾಗುತ್ತದೆ. ಆಗ ಸ್ಟೇಟರ್ ಅಲ್ಲಿ ಬಿಗಿಯಾಗಿ ನಿಂತರೆ ಹರಿವಿಗೆ ಅಡ್ಡಿಯೇ ಹೊರತು ಉಪಯೋಗವಿಲ್ಲ. ಅದಕ್ಕಾಗಿ ಸ್ಟೇಟರಿನ ನಡುವೆ ಒಂದೇ ದಿಕ್ಕಿಗೆ ತಿರುಗಲು ಬಿಡುವ ಕ್ಲಚ್ ಇಟ್ಟಿದ್ದಾರೆ. ಸೈಕಲ್ಲಿನ ಫ್ರೀವೀಲ್ ಮಾಡುವ ಕೆಲಸವೇ ಅದರದು. ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪ್ ಒಂದರಲ್ಲಿ ಹಾಳಾದ ಕನ್ವರ್ಟರ್ ಒಂದನ್ನು ಲೇತ್‌ಗೆ ಕಟ್ಟಿ ಬೆಸುಗೆಯ ಗೆರೆಯುದ್ದಕ್ಕೂ ಕೊಯ್ದು ಬಿಚ್ಚಿದಾಗ ನಾನು ಹತ್ತಿರವೇ ನಿಂತಿದ್ದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಸ್ಟೇಟರನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಒಳಗಿನ ಬಳೆಗೆ ಎರಡು ಬೆರಳು ಕೊಟ್ಟು ಒಂದು ಕಡೆಗೆ ತಿರುಗಿಸಿದರೆ ಬೆಣ್ಣೆಯಂತೆ ಜಾರಿತು. ಇನ್ನೊಂದು ಕಡೆಗೆ ತಿರುಗಿಸಲು ಹೋದರೆ ಕೂದಲೆಳೆಯಷ್ಟೂ ಮಿಸುಕಲಿಲ್ಲ. ನೂರು ಚಿತ್ರ ನೋಡಿದರೂ ತಿಳಿಯದ್ದು ಆ ಒಂದು ಗಳಿಗೆಯಲ್ಲಿ ತಿಳಿಯಿತು. ನಿಮ್ಮ ಕಾಲೇಜಿನ ವರ್ಕ್‌ಶಾಪಿಗೆ ಇಂಥದೊಂದು ಕೊಯ್ದ ಕನ್ವರ್ಟರನ್ನು ತರಿಸಲು ನಿಮ್ಮ ಗುರುಗಳನ್ನು ಕೇಳಿಕೊಳ್ಳಿ. ಗುಜರಿಯಲ್ಲಿ ಸಿಕ್ಕರೂ ಸಾಕು.

ಈ ಚಿಕ್ಕ ಫ್ರೀವೀಲ್ ಕೆಟ್ಟರೆ ಲಕ್ಷಣಗಳು ಬಹಳ ಸ್ಪಷ್ಟ. ಅದು ಎರಡೂ ಕಡೆ ಜಾರತೊಡಗಿದರೆ ಗಾಡಿ ನಿಂತಲ್ಲಿಂದ ಎದ್ದೇಳಲು ಒದ್ದಾಡುತ್ತದೆ, ವೇಗ ಹಿಡಿದ ಮೇಲೆ ಸರಿಯಾಗಿ ಓಡುತ್ತದೆ. ಎರಡೂ ಕಡೆ ಕಚ್ಚಿಕೊಂಡರೆ ಹೊರಡುವುದು ಚೆನ್ನಾಗಿರುತ್ತದೆ, ಹೆದ್ದಾರಿಯಲ್ಲಿ ವೇಗವೇರದೆ ಎಣ್ಣೆ ಕಾಯುತ್ತದೆ.

ಇತಿಹಾಸವನ್ನೂ ಕೇಳಿದ್ದೀರಿ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಮತ್ತು ಅದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಉಗಿ ಟರ್ಬೈನ್ ಬಹಳ ವೇಗವಾಗಿ ತಿರುಗುತ್ತದೆ, ಹಡಗಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಎರಡನ್ನೂ ಹೊಂದಿಸುವ ಸಾಧನ ಅವರಿಗೆ ಬೇಕಾಗಿತ್ತು. ಅಮೆರಿಕದ ಕಾರುಗಳಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ನ ಹೈಡ್ರಾಮ್ಯಾಟಿಕ್‌ನಲ್ಲಿ ಇದ್ದದ್ದು ಬರೀ ಫ್ಲೂಯಿಡ್ ಕಪ್ಲಿಂಗ್. 1948ರ ಮಾದರಿಯ ಬ್ಯೂಕ್‌ನ ಡೈನಾಫ್ಲೋದಲ್ಲಿ ಟಾರ್ಕ್ ಕನ್ವರ್ಟರ್ ಬಂತು.

ಪ್ರಶ್ನೆ: ಆರು ವರ್ಷದ ನನ್ನ ಕಾರು ಬೈಪಾಸಿನಲ್ಲಿ ಗಂಟೆಗೆ 60–70 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗುವಾಗ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದಂತೆ ಎರಡು-ಮೂರು ಸೆಕೆಂಡು ಗಡಗಡ ನಡುಗಿ ಸುಮ್ಮನಾಗುತ್ತದೆ. ರಸ್ತೆ ನುಣ್ಣಗಿದ್ದರೂ ಹೀಗೆ. ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಏನು ಮಾಡಲಿ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಈಗಲೇ ಒಪ್ಪಿಕೊಳ್ಳಬೇಡಿ, ಮೇಡಂ. ನೀವು ವಿವರಿಸಿದ್ದು ಲಾಕ್-ಅಪ್ ಕ್ಲಚ್ಚಿನ ನಡುಕವೆಂದು ನನಗೆ ಅನಿಸುತ್ತದೆ, ಮತ್ತು ಅದಕ್ಕೆ ಮೊದಲ ಮದ್ದು ಎಣ್ಣೆ ಬದಲಾವಣೆ.

ಎಣ್ಣೆಯ ಮೂಲಕ ಬಲ ದಾಟುವಾಗ ಟರ್ಬೈನ್ ಯಾವಾಗಲೂ ಪಂಪಿಗಿಂತ ತುಸು ಹಿಂದೆಯೇ ಉಳಿಯುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ನೂರಕ್ಕೆ ಕೆಲವು ಪಾಲು ಹೀಗೆ ಜಾರಿ ಇಂಧನ ವ್ಯರ್ಥವಾಗುತ್ತದೆ. ಅದನ್ನು ತಪ್ಪಿಸಲು ಕನ್ವರ್ಟರಿನ ಒಳಗೇ ಒಂದು ಘರ್ಷಣೆಯ ತಟ್ಟೆ ಇಟ್ಟಿದ್ದಾರೆ, ಅದೇ ಲಾಕ್-ಅಪ್ ಕ್ಲಚ್. ವೇಗ ಸ್ಥಿರವಾದಾಗ ಗೇರ್‌ಬಾಕ್ಸಿನ ಕಂಪ್ಯೂಟರ್ ಎಣ್ಣೆಯ ಒತ್ತಡದಿಂದ ಆ ತಟ್ಟೆಯನ್ನು ಹೊರಕವಚಕ್ಕೆ ಒತ್ತುತ್ತದೆ, ಎಂಜಿನ್ನೂ ಟರ್ಬೈನೂ ಒಂದಾಗಿ ತಿರುಗುತ್ತವೆ. 1949ರಲ್ಲಿ ಪ್ಯಾಕರ್ಡ್ ಕಾರಿನ ಅಲ್ಟ್ರಾಮ್ಯಾಟಿಕ್‌ನಲ್ಲಿ ಬಂದಿದ್ದ ಈ ಉಪಾಯ, 1970ರ ದಶಕದಲ್ಲಿ ಪೆಟ್ರೋಲ್ ದುಬಾರಿಯಾದ ಮೇಲೆ ಎಲ್ಲೆಡೆ ಹರಡಿತು. ಎಣ್ಣೆ ಹಳತಾಗಿ ಅದರಲ್ಲಿನ ಘರ್ಷಣೆ ಹದಗೊಳಿಸುವ ಗುಣ ಸೋತಾಗ ಆ ತಟ್ಟೆ ಒಂದೇ ಸಮ ಕಚ್ಚಿಕೊಳ್ಳದೆ, ಕಚ್ಚಿ ಬಿಟ್ಟು ಕಚ್ಚಿ ಬಿಟ್ಟು ಮಾಡುತ್ತದೆ. ನಿಮಗೆ ಅನುಭವವಾಗುವ ಗಡಗಡ ಅದೇ.

ಖಚಿತಪಡಿಸಿಕೊಳ್ಳಲು ಒಂದು ದಾರಿ ಇದೆ. ತಿಳಿದ ಮೆಕ್ಯಾನಿಕ್ ಒಬ್ಬರಿಂದ, ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ ಇದನ್ನು ಮಾಡಿಸಿ. ನಡುಕ ಶುರುವಾದಾಗ ಆಕ್ಸಿಲರೇಟರನ್ನು ಹಾಗೆಯೇ ಹಿಡಿದು, ಹಿಂದಿನ ದೀಪ ಹೊತ್ತುವಷ್ಟು ಮಾತ್ರ ಬ್ರೇಕ್ ಪೆಡಲನ್ನು ಮುಟ್ಟಬೇಕು. ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಮುಟ್ಟಿದೊಡನೆ ಲಾಕ್-ಅಪ್ ಬಿಡುತ್ತದೆ. ಆ ಕ್ಷಣವೇ ನಡುಕ ನಿಂತರೆ ತಪ್ಪು ಅಲ್ಲೇ ಇದೆ ಎಂದರ್ಥ. ಕೆಲವು ಕಾರುಗಳಲ್ಲಿ ಬ್ರೇಕ್ ಮುಟ್ಟಿದರೆ ಎಂಜಿನ್ನಿನ ಬಲವನ್ನೂ ಕಂಪ್ಯೂಟರ್ ಕಡಿಮೆ ಮಾಡುವುದರಿಂದ ಈ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ. ಅಲ್ಲಿ ಸ್ಕ್ಯಾನರ್ ಹಾಕಿ, ಎಂಜಿನ್ನಿನ ಮತ್ತು ಟರ್ಬೈನಿನ ವೇಗದ ಅಂತರವನ್ನು ನೋಡಬೇಕು.

ಗೇರ್‌ಬಾಕ್ಸ್ ಎಣ್ಣೆಯ ನಾಲ್ಕು ಹನಿಗಳನ್ನು ಬಿಳಿ ಕಾಗದದ ಮೇಲೆ ಹಾಕಿಸಿ ನೀವೇ ನೋಡಿ. ಬಹುಪಾಲು ಎಣ್ಣೆಗಳು ಹೊಸದಿದ್ದಾಗ ಕೋಕಂ ಶರಬತ್ತಿನಂತೆ ಕೆಂಪಗೆ, ತಿಳಿಯಾಗಿರುತ್ತವೆ. ನಿಮ್ಮದು ಹಾಲಿಲ್ಲದ ಚಹಾದ ಬಣ್ಣಕ್ಕೆ ಬಂದಿದ್ದು ಸುಟ್ಟ ವಾಸನೆ ಇದ್ದರೆ ಬದಲಿಸುವ ಕಾಲ ಮೀರಿದೆ. ಕೈಪಿಡಿಯಲ್ಲಿ ಹೇಳಿದ ಗುಣಮಟ್ಟದ ಎಣ್ಣೆಯನ್ನೇ ಹಾಕಿಸಿ. ‘ಎಲ್ಲಾ ಒಂದೇ’ ಎಂಬ ಮಾತಿಗೆ ಕಿವಿಗೊಡಬೇಡಿ. ಇನ್ನೊಂದು ವಿಷಯವನ್ನು ಗ್ಯಾರೇಜಿನವರು ಅನೇಕ ಸಲ ಹೇಳುವುದಿಲ್ಲ: ಕೆಳಗಿನ ಬೋಲ್ಟ್ ಬಿಚ್ಚಿದರೆ ಹಳೆಯ ಎಣ್ಣೆ ಪೂರ್ತಿ ಬರುವುದಿಲ್ಲ, ಬಹಳಷ್ಟು ಕನ್ವರ್ಟರಿನ ಒಳಗೇ ಉಳಿಯುತ್ತದೆ. ಆದ್ದರಿಂದ ಒಮ್ಮೆ ಬದಲಿಸಿ, ಕೆಲವು ದಿನ ಓಡಿಸಿ, ಮತ್ತೆ ಒಂದೆರಡು ಸಲ ಹಾಗೆಯೇ ಬದಲಿಸುವುದು ಒಳ್ಳೆಯದು. ಅಷ್ಟಾದರೂ ನಡುಕ ಹೋಗದಿದ್ದರೆ ತಟ್ಟೆಯ ಪದರವೇ ಸವೆದಿರಬಹುದು. ಆಗ ಬದಲಾಗಬೇಕಾದದ್ದು ಕನ್ವರ್ಟರ್. ಗೇರ್‌ಬಾಕ್ಸಿನ ಮಾತು ಅದರ ನಂತರದ್ದು.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯ ಮುಂದೆ ನನ್ನ ಆಟೋಮ್ಯಾಟಿಕ್ ಗಾಡಿಯ ಬ್ಯಾಟರಿ ಇಳಿದುಹೋಯಿತು. ನಾಲ್ಕು ಮಂದಿ ಹಮಾಲರು ದಬ್ಬಿದರೂ ಚಾಲೂ ಆಗಲಿಲ್ಲ. ಇನ್ನೂ ಜೋರಾಗಿ ದಬ್ಬಬೇಕಿತ್ತೇ?
– ಮೆಣಸಿನಕಾಯಿ ವ್ಯಾಪಾರಿ, ಹಾವೇರಿ ಜಿಲ್ಲೆ

ಉತ್ತರ: ಎಷ್ಟು ಜೋರಾಗಿ ದಬ್ಬಿದರೂ ಆಗುವುದಿಲ್ಲ. ಗೇರ್‌ಬಾಕ್ಸಿನೊಳಗೆ ಎಣ್ಣೆಗೆ ಒತ್ತಡ ಕೊಡುವ ಬೇರೊಂದು ಪಂಪ್ ಇದೆ (ಮೇಲೆ ಹೇಳಿದ ಪಂಪ್ ಚಕ್ರವಲ್ಲ). ಅದನ್ನು ತಿರುಗಿಸುವುದು ಕನ್ವರ್ಟರಿನ ಹೊರಕವಚ, ಆ ಕವಚವನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಒತ್ತಡವಿಲ್ಲ, ಒತ್ತಡವಿಲ್ಲದೆ ಯಾವ ಗೇರೂ ಹಿಡಿಯುವುದಿಲ್ಲ, ಆದ್ದರಿಂದ ಚಕ್ರದ ಬಲ ಎಂಜಿನ್ನನ್ನು ಮುಟ್ಟುವ ದಾರಿಯೇ ಮುಚ್ಚಿರುತ್ತದೆ. ಜಂಪರ್ ಕೇಬಲ್ ಒಂದು ಜೊತೆ ಡಿಕ್ಕಿಯಲ್ಲಿಟ್ಟುಕೊಳ್ಳಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ. ಎಣ್ಣೆ ಸಿಗದ ಬೇರಿಂಗುಗಳು ಮತ್ತು ಹಲ್ಲುಗಳು ಸವೆಯುತ್ತವೆ. ಎಂಜಿನ್ ಎಳೆಯುವ ಚಕ್ರಗಳು ನೆಲ ಬಿಟ್ಟು ಮೇಲೇಳುವಂತೆ ಸಾಗಿಸಬೇಕು.

ಪ್ರಶ್ನೆ: ಅಂಕೋಲೆಯಿಂದ ಹುಬ್ಬಳ್ಳಿಗೆ ಬರುವಾಗ ಅರಬೈಲ್ ಘಾಟಿನಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದೆವು. ಒಂದು ಗಂಟೆ ತೆವಳಿದ ಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಸೂಚನೆ ಬಂತು. ಗಾಡಿ ಹಿಂದೆ ಜಾರಬಾರದೆಂದು ನಾನು ಆಕ್ಸಿಲರೇಟರನ್ನು ತುಸು ತುಳಿದೇ ಹಿಡಿದಿದ್ದೆ. ತಪ್ಪು ಮಾಡಿದೆನೇ?
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಆಕ್ಸಿಲರೇಟರಿನಿಂದ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದ್ದೇ ಬಿಸಿಗೆ ಮುಖ್ಯ ಕಾರಣ. ಗದಗಿನ ವಿದ್ಯಾರ್ಥಿಗೆ ಕೊಟ್ಟ ಲೆಕ್ಕವನ್ನು ನೋಡಿ. ಗಾಡಿ ನಿಂತಿದೆ, ಟರ್ಬೈನ್ ತಿರುಗುತ್ತಿಲ್ಲ ಎಂದಾದಾಗ ಎಂಜಿನ್ ಕೊಡುವ ಅಷ್ಟೂ ಶಕ್ತಿ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಹೊರಡುವಾಗ ಕೆಲವು ಸೆಕೆಂಡಿನ ಈ ಶಾಖವನ್ನು ಎಣ್ಣೆ ತಡೆದುಕೊಳ್ಳುತ್ತದೆ. ಮತ್ತೆ ಮತ್ತೆ ನಿಮಿಷಗಟ್ಟಲೆ ಹೀಗೆ ಮಾಡಿದರೆ ತಡೆದುಕೊಳ್ಳುವುದಿಲ್ಲ. ಏರಿನಲ್ಲಿ ನಿಂತಾಗ ಬ್ರೇಕ್ ತುಳಿದೇ ನಿಲ್ಲಿ. ಮುಂದಿನ ಲಾರಿ ಒಂದು ಮಾರು ಸರಿದೊಡನೆ ಹಿಂಬಾಲಿಸಬೇಡಿ. ಸಾಕಷ್ಟು ಜಾಗ ಬಿಟ್ಟು, ಒಂದೇ ಓಟಕ್ಕೆ ಹೋಗಿ ಮತ್ತೆ ನಿಲ್ಲಿ.

ನಿಧಾನವಾಗಿ ಏರುತ್ತಿರುವಾಗ ‘ಎಲ್’ ಅಥವಾ ಕೈಯಿಂದ ಗೇರ್ ಬದಲಿಸುವ ಸ್ಥಾನಕ್ಕೆ ಹಾಕಿ, ಕೆಳಗಿನ ಗೇರಿನಲ್ಲೇ ಹೋಗಿ. ಎಂಜಿನ್ ಸ್ವಲ್ಪ ಹೆಚ್ಚು ಸದ್ದು ಮಾಡುತ್ತದೆ, ಚಿಂತೆ ಬೇಡ; ಟರ್ಬೈನ್ ಪಂಪಿನ ವೇಗಕ್ಕೆ ಹತ್ತಿರ ಬರುವುದರಿಂದ ಎಣ್ಣೆ ತಂಪಾಗಿರುತ್ತದೆ. ಇಳಿಜಾರಿನಲ್ಲಿಯೂ ಕೆಳಗಿನ ಗೇರೇ ಬ್ರೇಕಿಗೆ ಆಸರೆ. ಬಿಸಿಯ ಸೂಚನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ‘ಪಿ’ಗೆ ಹಾಕಿ, ಎಂಜಿನ್ನನ್ನು ಮಾತ್ರ ಕೂಡಲೇ ಆರಿಸಬೇಡಿ. ಅದು ಐಡ್ಲಿಂಗ್‌ನಲ್ಲಿ ತಿರುಗುತ್ತಿದ್ದರೆ ಎಣ್ಣೆ ಕೂಲರಿನ ಮೂಲಕ ಹರಿದು ತಣಿಯುತ್ತದೆ. ಊರಿಗೆ ಬಂದ ಮೇಲೆ ಎಣ್ಣೆಯ ಬಣ್ಣ ಮತ್ತು ವಾಸನೆ ನೋಡಿಸಿ. ಅನೇಕ ಕಾರುಗಳಲ್ಲಿ ಈ ಎಣ್ಣೆ ತಣಿಯುವುದು ರೇಡಿಯೇಟರಿನ ನೀರಿನಿಂದಲೇ ಆದ್ದರಿಂದ ಕೂಲಂಟಿನ ಮಟ್ಟವನ್ನೂ ನೋಡಿಸಿ.

ಪ್ರಶ್ನೆ: ನನ್ನದು ಚಿಕ್ಕ ಎಎಂಟಿ ಕಾರು. ಅದರಲ್ಲೂ ಟಾರ್ಕ್ ಕನ್ವರ್ಟರ್ ಇದೆಯೇ?
– ಓದುಗರು, ರಾಣೆಬೆನ್ನೂರು

ಉತ್ತರ: ಇಲ್ಲ. ಎಎಂಟಿ ಎಂದರೆ ಮಾಮೂಲಿ ಕ್ಲಚ್ ಮತ್ತು ಮಾಮೂಲಿ ಗೇರ್‌ಬಾಕ್ಸ್. ನಿಮ್ಮ ಕಾಲು ಮತ್ತು ಕೈ ಮಾಡುತ್ತಿದ್ದ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಇದು ಬಳಕೆಗೆ ಬಂತು. ಗೇರ್ ಬದಲಾಗುವಾಗ ಮೈ ಸ್ವಲ್ಪ ಮುಂದಕ್ಕೆ ತೂಗಿದಂತಾಗುವುದು ಅದರ ಗುರುತು. ಜೋಡಿ ಕ್ಲಚ್ಚಿನ ಡಿಸಿಟಿ ಗಾಡಿಗಳಲ್ಲೂ ಸಾಮಾನ್ಯವಾಗಿ ಕನ್ವರ್ಟರ್ ಇರುವುದಿಲ್ಲ. ಬೆಲ್ಟಿನ ಸಿವಿಟಿಗಳಲ್ಲಿ ಬಹಳಷ್ಟಕ್ಕೆ ಇರುತ್ತದೆ. ಏರಿನಲ್ಲಿ ಆಕ್ಸಿಲರೇಟರಿನಿಂದ ಗಾಡಿ ಹಿಡಿಯಬಾರದು ಎಂದು ಮೇಲೆ ಹೇಳಿದ್ದು ನಿಮಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನವನಗರದ ಓದುಗರ ಗಾಡಿಯಲ್ಲಿ ಬಿಸಿಯಾಗುವುದು ಕೂಲರಿನಲ್ಲಿ ತಣಿಯುವ ಎಣ್ಣೆ; ನಿಮ್ಮ ಗಾಡಿಯಲ್ಲಿ ಸುಡುವುದು ಒಣ ಕ್ಲಚ್ ಪ್ಲೇಟ್, ಅದನ್ನು ತಣಿಸಲು ಒಳಗೆ ಎಣ್ಣೆಯಿಲ್ಲ.